ಕಿತ್ತುಬಂದ ಫೈಬರ್ ಪೈಪ್ ಜಾಯಿಂಟು: ಅಕ್ಕಿ ಮಿಲ್ಲಿನ ಬಿಸಿನೀರಿನ ಲೈನ್ ರಿಪೇರಿ

ದಾವಣಗೆರೆ ಊರ ಹೊರಗಿನ ಒಂದು ಅಕ್ಕಿ ಮಿಲ್ಲು. ಭದ್ರಾ ನಾಲೆ ಕಡೆಯ ಭತ್ತ ಅಲ್ಲಿಗೆ ಬರುತ್ತದೆ. ಅದನ್ನು ಬಿಸಿನೀರಲ್ಲಿ ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಅಕ್ಕಿ ಮಾಡುತ್ತಾರೆ. ನೆನೆಸಿದ ನೀರನ್ನು ಪಂಪು ಹಾಕಿ ಅಂಗಳದ ಆಚೆ ಬದಿಯ ಟ್ರೀಟ್‌ಮೆಂಟ್ ಟ್ಯಾಂಕಿಗೆ ಕಳಿಸಬೇಕು. ಆ ನೀರು ಬಿಸಿ, ಜೊತೆಗೆ ಹುಳಿ. ಕಬ್ಬಿಣದ ಪೈಪು ಬೇಗ ತೂತು ಬೀಳುತ್ತದೆ ಅಂತ ನಾಲ್ಕು ಇಂಚಿನ ಫೈಬರ್ ಪೈಪು, ಅಂದರೆ ಗಾಜಿನ ನಾರನ್ನು ರೆಸಿನ್ ಅನ್ನುವ ಅಂಟಿನಲ್ಲಿ ಅದ್ದಿ ಸುತ್ತಿದ ಪೈಪು, ಹಾಕಿಸಿದ್ದರು. ಜಾಯಿಂಟುಗಳೆಲ್ಲ ಸಾಕೆಟ್ ಒಳಗೆ ಪೈಪು ತೂರಿಸಿ ಎಪಾಕ್ಸಿ ಅಂಟು ಹಾಕಿದವು.

ಸೀಸನ್ ಮಧ್ಯೆ ಪಂಪಿನ ಹತ್ತಿರದ ಒಂದು ಜಾಯಿಂಟು ಕಿತ್ತುಬಂತು. ಮತ್ತೆ ಅಂಟು ಹಾಕಿದರು. ಮತ್ತೆ ಅದೇ ಜಾಯಿಂಟು ಹೋಯಿತು. ಆಮೇಲೆ ನನ್ನ ವರ್ಕ್‌ಶಾಪಿಗೆ ಫೋನ್ ಬಂತು.

"ಅಂಟು ಗಟ್ಟಿನೇ ಆಗೇತ್ರಿ. ಉಗುರು ಇಳಿಯಲ್ಲ. ಆದ್ರೂ ಕಿತ್ಕೊಂಡು ಬರ್ತೈತೆ" ಅಂದರು ಮಿಲ್ಲಿನ ಫಿಟ್ಟರ್. ಸಾವ್ಕಾರ್ರ ಮಾತು ಇನ್ನೂ ನೇರ: "ಇದಕ್ಕಿಂತ ಜೋರು ಅಂಟು ಯಾವುದೈತೆ, ಅದನ್ನ ಹಾಕಿಬಿಡ್ರಿ."

ಜೋರು ಅಂಟು ಆಮೇಲೆ ನೋಡೋಣ, ಮೊದಲು ಒಡೆದ ತುಂಡು ನನಗೆ ಬೇಕು, ಅದನ್ನು ಒರೆಸಬೇಡಿ, ತೊಳೆಯಬೇಡಿ ಅಂತ ಹೇಳಿದೆ. ಅಂಟಿನ ಜಾಯಿಂಟು ಒಡೆದಾಗ ಏನಾಯಿತು ಅನ್ನುವುದು ಆ ಒಡೆದ ಮುಖದ ಮೇಲೆಯೇ ಇರುತ್ತದೆ. ತೊಳೆದರೆ ಹೋಯಿತು.

ಒಡೆದ ಮುಖ

ತುಂಡನ್ನು ಬೆಂಚಿನ ಮೇಲೆ ಇಟ್ಟು, ಓರೆಯಾಗಿ ಟಾರ್ಚ್ ಬಿಟ್ಟು ನೋಡಿದೆ. ಪೈಪಿನ ತುದಿಯ ಕೆಳಗಿನ ಅರ್ಧ ನುಣ್ಣಗೆ ಹೊಳೆಯುತ್ತಿತ್ತು. ಅಂಟಿನ ಒಂದು ಚೂರೂ ಅದರ ಮೇಲಿರಲಿಲ್ಲ. ಅಂಟೆಲ್ಲ ಸಾಕೆಟ್ಟಿನ ಒಳಗೇ ಉಳಿದಿತ್ತು. ಅದರ ಮುಖವೂ ಅಷ್ಟೇ ನುಣುಪು. ಪೈಪಿನ ಮೇಲ್ಮೈಯ ಸಣ್ಣ ಗೀರುಗಳೂ ಅದರಲ್ಲಿ ಅಚ್ಚಾಗಿದ್ದವು. ಅಂದರೆ ಅಂಟು ಪೈಪನ್ನು ಹಿಡಿದೇ ಇರಲಿಲ್ಲ. ಪೈಪಿನ ಸುತ್ತ ತುಂಬಿಕೊಂಡು ಗಟ್ಟಿಯಾಗಿತ್ತು, ಅಷ್ಟೇ.

ಮೇಲಿನ ಅರ್ಧದ ಕಥೆ ಬೇರೆ. ಅಲ್ಲಿ ಎಮರಿ ಪೇಪರಿನ ಗೀರು ಕಾಣುತ್ತಿತ್ತು. ಅಂಟಿನ ಮೇಲೆ ಬಿಳಿ ಗಾಜಿನ ನಾರು ಕೂದಲಿನಷ್ಟು ತೆಳ್ಳಗೆ ಎದ್ದು ನಿಂತಿತ್ತು. ಅಲ್ಲಿ ಅಂಟು ಬಿಟ್ಟಿರಲಿಲ್ಲ, ಪೈಪಿನ ಮೇಲ್ಪದರವೇ ಹರಿದುಬಂದಿತ್ತು. ಒಂದೇ ಜಾಯಿಂಟು, ಒಂದೇ ಅಂಟು, ಎರಡು ಥರ ಒಡೆದಿದೆ. ಕಾರಣ ಊಹಿಸುವುದು ಕಷ್ಟವಲ್ಲ. ಪೈಪು ಬ್ರಾಕೆಟ್ ಮೇಲೆ ಕೂತಿದ್ದಾಗಲೇ ಉಜ್ಜಿದ್ದಾರೆ. ಕೈ ಮೇಲೆ ಹೋಗಿದೆ, ಕೆಳಗೆ ಹೋಗಿಲ್ಲ.

ಕೆಳಭಾಗದಲ್ಲಿ ಇನ್ನೊಂದು ಗುರುತಿತ್ತು. ಸಾಕೆಟ್ಟಿನ ಬಾಯಿಂದ ಒಳಕ್ಕೆ ಕಂದು ಬಣ್ಣದ ಪಟ್ಟೆಗಳು. ಅಂಚಿನಲ್ಲಿ ಕಡುಕಂದು, ಒಳಗೆ ಹೋದಂತೆ ತಿಳಿ, ಕೊನೆಗೆ ಬಣ್ಣವೇ ಇಲ್ಲದ ಹೊಸ ಮುಖ. ಭತ್ತದ ನೀರಿನ ಕಲೆ ಅದು. ಬಿರುಕು ಒಂದೇ ಏಟಿಗೆ ಬಂದದ್ದಲ್ಲ. ಅಂಚಿನಲ್ಲಿ ಶುರುವಾಗಿದೆ, ಸ್ವಲ್ಪ ಹೋಗಿ ನಿಂತಿದೆ, ನೀರು ಒಳಗೆ ಸೇರಿದೆ, ಮತ್ತೆ ಮುಂದೆ ಹೋಗಿದೆ. ಕೊನೆಗೆ ಉಳಿದ ಚೂರು ಭಾರ ತಡೆಯಲಾರದೆ ಒಟ್ಟಿಗೆ ಬಿಟ್ಟಿದೆ. ಜಾಯಿಂಟು ಹೋದ ದಿನ ಏನಾಯಿತು ಅಂತ ಹುಡುಕಿದರೆ ಪ್ರಯೋಜನವಿಲ್ಲ, ಅದು ಮೊದಲಿಂದಲೇ ಹೋಗುತ್ತಾ ಇತ್ತು.

ಹೀಗೆ ಒಡೆದ ಮುಖ ನೋಡಿ ಹೆಸರು ಕೊಡುವುದಕ್ಕೆ ಎಎಸ್‌ಟಿಎಂ ಅನ್ನುವ ಅಮೆರಿಕದ ಮಾನದಂಡ ಸಂಸ್ಥೆಯ ಡಿ 5573 ಅನ್ನುವ ಮಾನದಂಡವೇ ಇದೆ. ಫೈಬರ್ ಭಾಗಗಳ ಅಂಟು ಜಾಯಿಂಟಿಗೆಂದೇ ಬರೆದದ್ದು. ಅಂಟು ಮೇಲ್ಮೈಯಿಂದ ಬಿಟ್ಟಿತೋ, ಅಂಟಿನ ನಡುವೆಯೇ ಸೀಳಿತೋ, ನಾರು ಹರಿಯಿತೋ ಅಂತ ಅದರಲ್ಲಿ ವಿಂಗಡಣೆ ಇದೆ. ರಿಪೇರಿಯವರಿಗೆ ನಾರು ಹರಿದದ್ದು ಕಂಡರೆ ಸಮಾಧಾನ. ಅಂಟು ತನ್ನ ಕೆಲಸ ಮಾಡಿದೆ ಅಂತ ಅರ್ಥ. ನುಣುಪು ಮುಖ ಕಂಡರೆ ಎಂಥ ದುಬಾರಿ ಅಂಟು ಹಾಕಿದ್ದರೂ ಅದು ವ್ಯರ್ಥ.

ಆದರೆ ನನಗೆ ಇನ್ನೂ ಒಂದು ಪ್ರಶ್ನೆ ಉಳಿಯಿತು. ಈ ಲೈನಿನಲ್ಲಿ ಉಜ್ಜದೇ ಅಂಟಿಸಿದ ಬೇರೆ ಜಾಯಿಂಟುಗಳೂ ಇರಬಹುದು. ಅವು ನಿಂತಿವೆ. ಇದೊಂದೇ ಯಾಕೆ? ಅದೂ ಕೆಳಗಿನಿಂದಲೇ ಯಾಕೆ?

ಲೈನು ನೋಡಿದ ಮೇಲೆ

ಪಂಪಿನಿಂದ ಪೈಪು ನೆಟ್ಟಗೆ ಮೇಲೆ ಬಂದು, ಎಲ್ಬೋದಲ್ಲಿ ತಿರುಗಿ, ಅಡ್ಡ ಹೋಗುತ್ತದೆ. ಎಲ್ಬೋದಿಂದ 800 ಮಿ.ಮೀ. ದೂರದಲ್ಲಿ ಮೊದಲ ಬ್ರಾಕೆಟ್. ಕಿತ್ತುಬಂದ ಜಾಯಿಂಟು 600 ಮಿ.ಮೀ. ದೂರದಲ್ಲಿ. ಎಲ್ಬೋಗೆ ಯಾವ ಆಸರೆಯೂ ಇಲ್ಲ. ಪಂಪಿನ ಬಾಯಲ್ಲಿ ಒಂದು ರಬ್ಬರ್ ಬೆಲ್ಲೋಸ್, ಅಂದರೆ ಹಿಗ್ಗಿ ಕುಗ್ಗುವ ಉಬ್ಬು ಕೊಳವೆ, ಇದೆ. ಪಂಪಿನ ಅದುರು ಪೈಪಿಗೆ ಹೋಗದಿರಲಿ ಅಂತ ಹಾಕಿದ್ದು. ಉದ್ದೇಶ ಸರಿ. ಆದರೆ ಅದು ಉದ್ದಕ್ಕೆ ಹಿಗ್ಗದಂತೆ ಎರಡೂ ತುದಿ ಹಿಡಿಯುವ ಟೈ ರಾಡ್ ಇಲ್ಲ.

ನಾನು ನೋಡಿ ಮುಗಿಸಿದ ಆ ಒಡೆದ ತುಂಡನ್ನೇ ಮತ್ತೆ ಲೈನಿಗೆ ಕೂಡಿಸಿ, ತಾತ್ಕಾಲಿಕವಾಗಿ ಕ್ಲಾಂಪ್ ಹಾಕಿ ಹಿಡಿದಿದ್ದರು. ಎಲ್ಬೋ ಪಕ್ಕ ಒಂದು ಸ್ಟೀಲ್ ಸ್ಕೇಲ್ ನಿಲ್ಲಿಸಿ, ಪಂಪು ಆನ್ ಮಾಡಿ ಅಂದೆ. ಎಲ್ಬೋ ಒಂದು ಸೆಂಟಿಮೀಟರಿನಷ್ಟು ಮೇಲೆದ್ದಿತು. ಆಫ್ ಮಾಡಿದಾಗ ಕೂತಿತು. ಫಿಟ್ಟರ್ ಕೂಡ ಬಗ್ಗಿ ನೋಡಿದರು. ದಿನಾ ಪಂಪು ಹಾಕುವವರು ಅವರೇ, ಆದರೆ ಸ್ವಿಚ್ಚು ಇರುವುದು ಗೋಡೆಯ ಆಚೆ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ವಾಲ್ವ್ ಮುಚ್ಚಿದ್ದಾಗ ಗೇಜು ಎರಡೂವರೆ ಕೆಜಿ ತೋರಿಸುತ್ತದೆ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಎರಡೂವರೆ ಕೆಜಿ ಒತ್ತಡ. ಪೈಪಿನ ಒಳವ್ಯಾಸ 100 ಮಿ.ಮೀ. ಆ ವೃತ್ತದ ಮೇಲೆ ಎರಡೂವರೆ ಕೆಜಿ ಒತ್ತಡ ಅಂದರೆ ಸುಮಾರು 200 ಕೆಜಿ ತಳ್ಳು. ಎಲ್ಲ ಕಡೆ ಗಟ್ಟಿಯಾಗಿ ಅಂಟಿಸಿದ ಲೈನಿನಲ್ಲಿ ಈ ತಳ್ಳನ್ನು ಪೈಪೇ ತನ್ನ ಉದ್ದಕ್ಕೆ ಎಳೆತವಾಗಿ ಹೊರುತ್ತದೆ. ನಡುವೆ ಬೆಲ್ಲೋಸ್ ಬಂದರೆ ಆ ಎಳೆತ ಹೊರುವ ಕೊಂಡಿಯೇ ಇಲ್ಲ. ರಬ್ಬರು ಹಿಗ್ಗುತ್ತದೆ, 200 ಕೆಜಿ ಎಲ್ಬೋವನ್ನು ಮೇಲಕ್ಕೆ ಎತ್ತುತ್ತದೆ. ರಬ್ಬರು ಅದರಲ್ಲಿ ಒಂದಿಷ್ಟನ್ನು ತಡೆಯುತ್ತದೆ ನಿಜ. ಆದರೆ ಬೆಲ್ಲೋಸಿನ ಉಬ್ಬಿದ ಭಾಗ ಪೈಪಿಗಿಂತ ಅಗಲ ಇರುವುದರಿಂದ ತಳ್ಳು ಕೂಡ ಜಾಸ್ತಿ. ಒಂದಕ್ಕೊಂದು ಸರಿಹೋಗುತ್ತದೆ ಅಂತ ಇಟ್ಟುಕೊಂಡೆ.

ಒತ್ತಡ ಪೈಪನ್ನು ಉದ್ದಕ್ಕೆ ಎಳೆಯುವುದು ಸುತ್ತಳತೆಯ ಪ್ರತಿ ಮಿಲಿಮೀಟರಿಗೆ ಬರೀ 0.6 ಕೆಜಿ. ಆದರೆ ಆ 200 ಕೆಜಿ, 600 ಮಿ.ಮೀ. ದೂರದಿಂದ ಸನ್ನೆ ಹಾಕಿದಾಗ, 5 ಮಿ.ಮೀ. ದಪ್ಪದ ಈ ಪೈಪಿನ ಕೆಳಬದಿಯಲ್ಲಿ ಪ್ರತಿ ಮಿಲಿಮೀಟರಿಗೆ ಸುಮಾರು 14 ಕೆಜಿ ಎಳೆತ ಬೀಳುತ್ತದೆ. ಇಪ್ಪತ್ತು ಪಟ್ಟಿಗೂ ಮೇಲೆ. ಜಾಯಿಂಟನ್ನು ಕಿತ್ತದ್ದು ಬಗ್ಗುವಿಕೆ. ಎಲ್ಬೋ ಮೇಲೆದ್ದಾಗ ಎಳೆತ ಬೀಳುವುದು ಕೆಳಬದಿಗೆ. ಬಿರುಕು ಶುರುವಾದದ್ದೂ ಅಲ್ಲೇ. ಉಜ್ಜದೇ ಬಿಟ್ಟದ್ದೂ ಅಲ್ಲೇ.

ಪೈಪು ಕೂಡ ಈ ಭಾರಕ್ಕೆ ಮಾಡಿದ್ದಲ್ಲ. ಮೇಲಿನ ರೆಸಿನ್ ಪದರ ಉಜ್ಜಿದರೆ ಗಾಜಿನ ನಾರು ಎರಡು ದಿಕ್ಕಿನಿಂದ ಓರೆಯಾಗಿ ಸುತ್ತಿರುವುದು ಕಾಣುತ್ತದೆ. ಸಾಮಾನ್ಯವಾಗಿ ಪೈಪಿನ ಉದ್ದಕ್ಕೆ ಸುಮಾರು 55 ಡಿಗ್ರಿ ಕೋನ. ಒಳಗೆ ಒತ್ತಡವಿರುವ ಪೈಪಿನಲ್ಲಿ ಸುತ್ತಳತೆಯ ದಿಕ್ಕಿಗೆ ಬೀಳುವ ಎಳೆತ ಉದ್ದದ ದಿಕ್ಕಿನದರ ಎರಡರಷ್ಟು. ಅದಕ್ಕೆ ಸರಿಯಾಗುವ ಕೋನ ಅದು. ಒತ್ತಡಕ್ಕೆ ಇದು ಬಹಳ ಒಳ್ಳೆಯ ಪೈಪು. ಉದ್ದಕ್ಕೆ ಎಳೆದರೆ, ಬಗ್ಗಿಸಿದರೆ ಅಷ್ಟು ಬಲ ಇರುವುದಿಲ್ಲ.

ಇದರ ಮೇಲೆ ಕರೆಂಟಿನ ಕಾಟ. ಪಂಪು ಓಡುವಾಗ ತ್ರೀ ಫೇಸ್ ಹೋದರೆ ನೀರು ಹಿಂದಕ್ಕೆ ಬರಲು ಶುರುಮಾಡುತ್ತದೆ, ನೀರನ್ನು ಒಂದೇ ಕಡೆಗೆ ಬಿಡುವ ಚೆಕ್ ವಾಲ್ವ್ ಟಪ್ ಅಂತ ಮುಚ್ಚುತ್ತದೆ. ಹರಿಯುವ ನೀರು ತಟ್ಟನೆ ನಿಂತರೆ ಒತ್ತಡದ ಅಲೆ ಏಳುತ್ತದೆ. ಫೈಬರ್ ಪೈಪಿನಲ್ಲಿ ಆ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್ ಅಂತ ಹಿಡಿದರೆ, ಸೆಕೆಂಡಿಗೆ 1 ಮೀಟರ್ ವೇಗದ ನೀರು ನಿಂತಾಗ ಸುಮಾರು 5 ಕೆಜಿ ಒತ್ತಡ ಹೆಚ್ಚುತ್ತದೆ. ಕಬ್ಬಿಣದ ಪೈಪಿನಲ್ಲಿ ಅಲೆಯ ವೇಗ ಇದರ ಎರಡರಷ್ಟಕ್ಕೂ ಮೇಲೆ, ಏಟೂ ಹಾಗೆಯೇ. ಆ ಲೆಕ್ಕಕ್ಕೆ ಫೈಬರ್ ವಾಸಿ. ಆದರೂ ಎರಡೂವರೆ ಕೆಜಿಯ ಲೈನಿಗೆ ಈ ಏಟು ಸಣ್ಣದಲ್ಲ.

ಅಂಟಿನ ಅಂಚು

ಸಾವ್ಕಾರ್ರು ಕೇಳಿದ ಇನ್ನೊಂದು ಮಾತು: "ಸಾಕೆಟ್ ಇನ್ನೂ ಉದ್ದ ಮಾಡಿದ್ರೆ ಗಟ್ಟಿ ಆಗಲ್ವಾ?" ಎಲ್ಲರಿಗೂ ಹಾಗೇ ಅನಿಸುತ್ತದೆ. ಅಂಟಿನ ಜಾಗ ಎರಡರಷ್ಟಾದರೆ ಬಲವೂ ಎರಡರಷ್ಟು ಆಗಬೇಕಲ್ಲ. ಆಗುವುದಿಲ್ಲ.

ಸಾಕೆಟ್ ಒಳಗೆ ಪೈಪು ಇದ್ದಾಗ ಭಾರ ಅಂಟಿನ ಮೂಲಕ ಒಂದರಿಂದ ಇನ್ನೊಂದಕ್ಕೆ ದಾಟಬೇಕು. ಪೈಪು, ಸಾಕೆಟ್ ಎರಡೂ ಸ್ವಲ್ಪ ಹಿಗ್ಗುತ್ತವೆ. ಅಂಚಿನಲ್ಲಿ ಒಂದು ಪೂರ್ತಿ ಭಾರ ಹೊತ್ತು ಹಿಗ್ಗಿರುತ್ತದೆ, ಇನ್ನೊಂದು ಖಾಲಿ ಇರುತ್ತದೆ. ಆ ವ್ಯತ್ಯಾಸವನ್ನು ನಡುವಿನ ಅಂಟು ತಿನ್ನಬೇಕು. ಹಾಗಾಗಿ ಎರಡೂ ಅಂಚುಗಳ ಅಂಟು ವಿಪರೀತ ಎಳೆಸಿಕೊಳ್ಳುತ್ತದೆ, ಮಧ್ಯದ್ದು ಸುಮ್ನೆ ಕೂತಿರುತ್ತದೆ. ಜರ್ಮನಿಯ ಫೋಲ್ಕರ್ಸೆನ್ ಅನ್ನುವವನು 1938ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ. ಗೋಲಾಂಡ್ ಮತ್ತು ರೈಸ್ನರ್ 1944ರಲ್ಲಿ ಇದಕ್ಕೆ ಬಗ್ಗುವಿಕೆಯನ್ನೂ ಸುಲಿಯುವ ಬಲವನ್ನೂ ಸೇರಿಸಿದರು. ಪೈಪಿನಂಥ ದುಂಡು ಜಾಯಿಂಟಿಗೆ ಲಬ್ಕಿನ್ ಮತ್ತು ರೈಸ್ನರ್ 1956ರಲ್ಲಿ ಲೆಕ್ಕ ಕೊಟ್ಟರು.

ಫೋಲ್ಕರ್ಸೆನ್ ಸೂತ್ರಕ್ಕೆ ನಮ್ಮ ಪೈಪಿನ ಅಂದಾಜು ಅಂಕಿಗಳನ್ನು ಹಾಕಿದೆ. 5 ಮಿ.ಮೀ. ಪೈಪು, 6 ಮಿ.ಮೀ. ಸಾಕೆಟ್, 0.3 ಮಿ.ಮೀ. ಅಂಟು, 75 ಮಿ.ಮೀ. ಉದ್ದದ ಹಿಡಿತ. ಭಾರ ಹೆಚ್ಚುಕಡಿಮೆ ಪೂರ್ತಿ ಎರಡು ತುದಿಗಳ ಒಂದೊಂದು ಸೆಂಟಿಮೀಟರಿನಲ್ಲೇ ದಾಟುತ್ತದೆ. ಸರಾಸರಿಗಿಂತ ಅಂಚಿನಲ್ಲಿ ಸುಮಾರು 12 ಪಟ್ಟು ಜಾಸ್ತಿ. ಕೆಳಬದಿಯ ಆ 14 ಕೆಜಿಯನ್ನು 75 ಮಿ.ಮೀ.ಗೆ ಹಂಚಿದರೆ ಸರಾಸರಿ 2 ಮೆಗಾಪ್ಯಾಸ್ಕಲ್‌ಗೂ ಕಡಿಮೆ (1 ಮೆಗಾಪ್ಯಾಸ್ಕಲ್ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 10 ಕೆಜಿ). ಅಂಟಿನ ಡಬ್ಬಿಯ ಮೇಲೆ ಬರೆದ ಬಲದ ಅಂಕಿ ನೋಡಿದವರು ನಿಶ್ಚಿಂತರಾಗುತ್ತಾರೆ. ಅಂಚಿನಲ್ಲಿ ಮಾತ್ರ ಅದು 20 ಮೆಗಾಪ್ಯಾಸ್ಕಲ್ ದಾಟುತ್ತದೆ. ಒಳ್ಳೆಯ ಎಪಾಕ್ಸಿಗೂ ಅದು ಮಿತಿಯ ಜಾಗ.

ಸಾಕೆಟ್ ಉದ್ದ ಮಾಡಿದರೆ ಮಧ್ಯದ ಸುಮ್ನೆ ಕೂತ ಭಾಗ ಉದ್ದವಾಗುತ್ತದೆ. ಅಂಚು ಹಾಗೇ ಇರುತ್ತದೆ. ಮಧ್ಯದ ಭಾಗ ಪೂರ್ತಿ ದಂಡವಲ್ಲ. ಹಾರ್ಟ್-ಸ್ಮಿತ್ 1970ರ ದಶಕದಲ್ಲಿ ವಿಮಾನದ ಅಂಟು ಜಾಯಿಂಟುಗಳ ಮೇಲೆ ಕೆಲಸ ಮಾಡಿ ಹೇಳಿದ್ದು ಇದನ್ನೇ: ಭಾರವಿಲ್ಲದ ಆ ನಡುಭಾಗ ಇರುವುದರಿಂದಲೇ ಅಂಟು ದಿನಗಟ್ಟಲೆ ನಿಧಾನವಾಗಿ ಜಾರಿಹೋಗುವುದಿಲ್ಲ. ಆದ್ದರಿಂದ ಒಂದು ಹದದ ಉದ್ದ ಬೇಕೇ ಬೇಕು. ಅದರಾಚೆಗೆ ಉದ್ದ ಹೆಚ್ಚಿಸುವ ಬದಲು ಅಂಚನ್ನು ಸರಿಮಾಡುವುದೇ ಬುದ್ಧಿವಂತಿಕೆ.

ಅಂಚಿಗೆ ಇನ್ನೊಂದು ಶತ್ರು ಸುಲಿತ. ಗೋಡೆಗೆ ಹಚ್ಚಿದ ಪೋಸ್ಟರನ್ನು ಹಾಗೇ ಪಕ್ಕಕ್ಕೆ ಎಳೆದರೆ ಜಗ್ಗುವುದಿಲ್ಲ, ಒಂದು ಮೂಲೆ ಎತ್ತಿ ಎಳೆದರೆ ಸಲೀಸಾಗಿ ಬರುತ್ತದೆ. ದಪ್ಪ ಸಾಕೆಟ್ ಇದ್ದಕ್ಕಿದ್ದಂತೆ ಮುಗಿಯುವ ಕಡೆ ಪೈಪು ಬಗ್ಗಿದಾಗ ಅಂಥದೇ ಮೂಲೆ ಹುಟ್ಟುತ್ತದೆ. ಸಾಕೆಟ್ ಬಾಯಿಯನ್ನು ಇಳಿಜಾರು ಮಾಡಿ ತೆಳ್ಳಗೆ ತಂದರೆ ಸಾಕೆಟ್ಟೂ ಪೈಪಿನ ಜೊತೆ ಬಗ್ಗುತ್ತದೆ, ಸುಲಿತ ಇಳಿಯುತ್ತದೆ.

ಮೂರನೆಯದು ಬಿಸಿ. ಭತ್ತ ನೆನೆಸುವ ನೀರು 65–70 ಡಿಗ್ರಿ. ಪಂಪಿಗೆ ಬರುವಾಗಲೂ ಕೈ ಇಡಲಾಗದಷ್ಟು ಬಿಸಿ. ಅಂಗಡಿಯಲ್ಲಿ ಸಿಗುವ, ಹೊರಗಿನ ಗಾಳಿಯಲ್ಲೇ ಗಟ್ಟಿಯಾಗುವ ಎಪಾಕ್ಸಿಗಳಲ್ಲಿ ಬಹಳಷ್ಟು 50–60 ಡಿಗ್ರಿ ಸುಮಾರಿಗೆ ಗಾಜಿನಂಥ ಗಡಸುತನ ಬಿಟ್ಟು ಮೆತ್ತಗಾಗಲು ಶುರುಮಾಡುತ್ತವೆ. ನೀರು ಹೀರಿಕೊಂಡರೆ ಇನ್ನೂ ಮೊದಲೇ. ಫಿಟ್ಟರ್ ಹೇಳಿದ "ಉಗುರು ಇಳಿಯಲ್ಲ" ಅನ್ನುವುದು ತಣ್ಣಗಿದ್ದಾಗಿನ ಮಾತು. ಕಿತ್ತ ಅಂಟಿನ ಒಂದು ಚೂರನ್ನು ಬಿಸಿನೀರಿನ ಲೋಟದಲ್ಲಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಅವರ ಕೈಗೆ ಕೊಟ್ಟೆ. ಬೆರಳಲ್ಲಿ ಬಾಗಿತು. ನೂರು ಮಾತಲ್ಲಿ ಹೇಳುವುದನ್ನು ಆ ಚೂರು ಹೇಳಿತು.

ವರ್ಕ್‌ಶಾಪಿನಲ್ಲಿ ಮುರಿದು ನೋಡಿದ್ದು

ಮಿಲ್ಲಿನವರ ಹತ್ತಿರ ಅದೇ ಪೈಪಿನ ಉಳಿಕೆ ತುಂಡುಗಳಿದ್ದವು. ಲೈನಿಗೆ ಕೈ ಹಾಕುವ ಮೊದಲು ಅವನ್ನೇ ಜೋಡಿಸಿ ಮುರಿದೆ. ಚಾನಲ್ ಕಬ್ಬಿಣದ ಫ್ರೇಮಿಗೆ ಪೈಪಿನ ಒಂದು ತುದಿ ಬಿಗಿದು, ಇನ್ನೊಂದು ತುದಿಯನ್ನು ಗೇಜ್ ಇರುವ ಜ್ಯಾಕಿನಿಂದ ಮೇಲಕ್ಕೆ ಎತ್ತುವುದು. ಎಲ್ಬೋ ಎತ್ತಿದ ಹಾಗೆಯೇ. ಉದ್ದಕ್ಕೆ ಎಳೆದು ನೋಡುವುದು ಸುಲಭ, ಆದರೆ ಲೈನಿನಲ್ಲಿ ಬಿದ್ದ ಭಾರ ಅದಲ್ಲ.

ಹಳೆಯ ರೀತಿ, ಬಟ್ಟೆಯಲ್ಲಿ ಒರೆಸಿ ಅಂಟಿಸಿದ್ದು, ಯಾವ ಸದ್ದೂ ಕೊಡದೆ ಒಮ್ಮೆಗೇ ಬಿಟ್ಟಿತು. ಮುಖ ಅದೇ ನುಣುಪು. ಸುತ್ತಲೂ ಚೆನ್ನಾಗಿ ಉಜ್ಜಿ ಅಂಟಿಸಿದ್ದಕ್ಕೆ ಗೇಜು ಅದರ ಎರಡರಷ್ಟಕ್ಕೂ ಮೇಲೆ ಹೋಯಿತು, ಬಿಡುವಾಗ ನಾರು ಹರಿಯಿತು. ಉಜ್ಜಿ, ಸಾಕೆಟ್ ಉದ್ದ ಹೆಚ್ಚಿಸಿದ್ದು ಇದಕ್ಕಿಂತ ಹೇಳಿಕೊಳ್ಳುವಷ್ಟು ಮುಂದೆ ಹೋಗಲಿಲ್ಲ. ಬಾಯಿ ಇಳಿಜಾರು ಮಾಡಿದ್ದು ಎಲ್ಲಕ್ಕಿಂತ ಮೇಲೆ ಹೋಯಿತು, ಜೊತೆಗೆ ಹೋಗುವ ಮುಂಚೆ ಚಟಚಟ ಅಂತ ಎಚ್ಚರಿಕೆಯನ್ನೂ ಕೊಟ್ಟಿತು. ಬಿಸಿನೀರಿನಲ್ಲಿ ಮುಳುಗಿಸಿಟ್ಟು ತೆಗೆದ ಜಾಯಿಂಟು ಮುರಿಯಲೇ ಇಲ್ಲ. ಜ್ಯಾಕು ಹಿಡಿದಿಟ್ಟಂತೆ ನಿಧಾನವಾಗಿ ಜಾರುತ್ತಾ ಬಂತು, ಗೇಜು ಇಳಿಯುತ್ತಾ ಹೋಯಿತು. ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಇದೇ. ತಣ್ಣೀರು ಹಾಕಿ ಟೆಸ್ಟ್ ಮಾಡಿದರೆ ಇಂಥ ಜಾಯಿಂಟು ಪಾಸಾಗುತ್ತದೆ.

ಹೊಸ ಜಾಯಿಂಟು

ಹಳೇ ಸಾಕೆಟ್ ಇರುವ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದೆ. ಎಲ್ಬೋ ಕಡೆಯ ತುಂಡನ್ನು ವರ್ಕ್‌ಶಾಪಿಗೆ ತಂದೆ. ಎರಡು ಪೈಪುಗಳನ್ನು ಮೂತಿಗೆ ಮೂತಿ ಕೂಡಿಸಿ, ಮೇಲೆ ಒಂದು ಫೈಬರ್ ತೋಳು ತೊಡಿಸಿ ಅಂಟಿಸುವ ಯೋಜನೆ.

ತೋಳನ್ನು ಆ ಪೈಪಿನ ಮೇಲೆಯೇ ಕಟ್ಟಿದೆ. ಪೈಪಿಗೆ 0.25 ಮಿ.ಮೀ. ದಪ್ಪ ಬರುವ ಹಾಗೆ ಪಾಲಿಯೆಸ್ಟರ್ ಹಾಳೆ ಸುತ್ತಿ, ಅದರ ಮೇಲೆ ಗಾಜಿನ ಬಟ್ಟೆ ಮತ್ತು ಎಪಾಕ್ಸಿ ಪದರ ಪದರವಾಗಿ ಹಾಕಿ 6 ಮಿ.ಮೀ.ಗೆ ತಂದೆ. ನಾರಿನ ಬಹುಪಾಲು ಪೈಪಿನ ಉದ್ದಕ್ಕೇ ಇರಲಿ ಅಂತ ನೋಡಿಕೊಂಡೆ, ಬಗ್ಗುವಿಕೆ ಹೊರುವುದು ಅದೇ. ಗಟ್ಟಿಯಾದ ಮೇಲೆ ಎಳೆದರೆ ತೋಳು ಜಾರಿ ಬರುತ್ತದೆ. ಹಾಳೆ ಇದ್ದ ಜಾಗವೇ ಅಂಟಿನ ಜಾಗ. ಪ್ರತಿ ಬದಿಗೆ 120 ಮಿ.ಮೀ. ಹಿಡಿತ. ಅದರಲ್ಲಿ ಹೊರಗಿನ 60 ಮಿ.ಮೀ. ಉದ್ದಕ್ಕೆ ಗ್ರೈಂಡರಿನಿಂದ ಇಳಿಜಾರು, ಹತ್ತಕ್ಕೆ ಒಂದರಂತೆ. ಗ್ರೈಂಡರ್ ಹಿಡಿದಾಗ ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಬಿಡಬೇಡಿ. ಗಾಜಿನ ಧೂಳು ಮೈಗೆ ಹತ್ತಿದರೆ ಬರೀ ತುರಿಕೆ, ಶ್ವಾಸಕೋಶಕ್ಕೆ ಹೋದರೆ ಅಷ್ಟಕ್ಕೆ ಮುಗಿಯುವುದಿಲ್ಲ.

ಅಂಟು ತೀರಾ ದಪ್ಪ ಇರಬಾರದು, ಪೂರ್ತಿ ಹಿಂಡಿಯೂ ಹೋಗಬಾರದು. ಅದಕ್ಕೆ ಮೋಟಾರ್ ವೈಂಡಿಂಗ್ ಅಂಗಡಿಯಿಂದ 33 ಗೇಜಿನ ತಾಮ್ರದ ತಂತಿಯ ಚೂರುಗಳನ್ನು ತಂದೆ. ದಪ್ಪ 0.254 ಮಿ.ಮೀ. ಅಸಿಟೋನಿನಲ್ಲಿ ಒರೆಸಿ, ಸುತ್ತಲೂ ಸಮದೂರಕ್ಕೆ ಉದ್ದುದ್ದ ಇಟ್ಟರೆ ತೋಳು ನಟ್ಟನಡುವೆ ಕೂರುತ್ತದೆ. ಕೆಳಗೆ ದಪ್ಪ, ಮೇಲೆ ತೆಳು ಆಗುವುದಿಲ್ಲ.

ಮಿಲ್ಲಿನಲ್ಲಿ ಮೊದಲು ಬ್ರಾಕೆಟ್ ಬಿಚ್ಚಿಸಿದೆ. ಪೈಪಿನ ಸುತ್ತ ಕೈ ಆಡಬೇಕು. ತಿಂಗಳುಗಟ್ಟಲೆ ನೀರಿನಲ್ಲಿದ್ದ ಪೈಪು ಒಳಗೆ ಹಸಿ ಇರುತ್ತದೆ. ಅಂಟು ಹಾಕಿ ಬಿಸಿ ಮಾಡಿದಾಗ ಆ ತೇವ ಗುಳ್ಳೆಯಾಗಿ ಹೊರಬರುತ್ತದೆ. ಅದಕ್ಕೆ ಹ್ಯಾಲೊಜೆನ್ ದೀಪ ಹಿಡಿದು, ಬೆಚ್ಚಗಿನ ಹದದಲ್ಲಿ ನಿಧಾನವಾಗಿ ಒಣಗಿಸಿದೆ. ಆಮೇಲೆ ಮೊದಲು ಅಸಿಟೋನಿನಲ್ಲಿ ಒರೆಸುವುದು, ಆಮೇಲೆ ಉಜ್ಜುವುದು, ಮತ್ತೆ ಒರೆಸುವುದು. ಈ ಕ್ರಮ ತಪ್ಪಬಾರದು. ಒರೆಸದೇ ಉಜ್ಜಿದರೆ ಮೇಲಿನ ಜಿಡ್ಡನ್ನು ಗೀರಿನೊಳಗೆ ನಾವೇ ತುಂಬಿದ ಹಾಗೆ.

ಉಜ್ಜುವುದಕ್ಕೆ 80 ನಂಬರಿನ ಎಮರಿ ಬಟ್ಟೆಯನ್ನು ಉದ್ದ ಪಟ್ಟಿ ಮಾಡಿ, ಪೈಪಿನ ಅಡಿಯಿಂದ ಹಾಯಿಸಿ, ಎರಡು ತುದಿ ಹಿಡಿದು ಆಚೆ ಈಚೆ ಎಳೆದೆವು. ಕೈ ಹೋಗದ ಕೆಳಭಾಗಕ್ಕೂ ಅದು ಹೋಗುತ್ತದೆ. ಹೊಳಪು ಎಲ್ಲೂ ಉಳಿಯಬಾರದು, ನಾರು ಕತ್ತರಿಸಿ ಹೋಗುವಷ್ಟು ಆಳಕ್ಕೂ ಹೋಗಬಾರದು. ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಬಿಳಿಯಾಗಿಯೇ ಬರುವ ತನಕ ಮುಖ ಬದಲಿಸುತ್ತಾ ಹೋದೆ. ಕೊನೆಗೆ ಶುದ್ಧ ನೀರು ಚಿಮುಕಿಸಿ ನೋಡಬೇಕು. ನೀರು ಹಾಳೆಯಂತೆ ಹರಡಿ ನಿಂತರೆ ಸರಿ. ಹನಿಹನಿಯಾಗಿ ಒಡೆದರೆ ಜಿಡ್ಡು ಇನ್ನೂ ಇದೆ. ನಮ್ಮದು ಕೆಳಗೆ ಒಂದು ಕಡೆ ಹನಿಯಾಯಿತು. ಮತ್ತೆ ಒರೆಸಿ, ಮತ್ತೆ ಉಜ್ಜಿ, ನೀರು ನಿಂತ ಮೇಲೆ ಪೂರ್ತಿ ಒಣಗಿಸಿದೆವು.

ಅಂಟು ಬಿಸಿಗೆ ತಡೆಯುವ ಎಪಾಕ್ಸಿ, ಗಟ್ಟಿಯಾದ ಮೇಲೆ ಮತ್ತೆ ಕಾಯಿಸಿ ಹದ ಮಾಡಬೇಕಾದದ್ದು. ರೆಸಿನ್, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಎರಡನ್ನೂ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಯೇ ಹಾಕಿದೆ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಉದಾಹರಣೆಗೆ ಎಲ್ಲರೂ ಬಳಸುವ ಅರಾಲ್ಡೈಟ್ ಎಡಬ್ಲ್ಯೂ 106 ರೆಸಿನ್ನಿಗೆ ಎಚ್‌ವಿ 953 ಹಾರ್ಡ್‌ನರ್ ಅಳತೆಯಲ್ಲಿ ಸಮಸಮ, ತೂಕದಲ್ಲಿ 100ಕ್ಕೆ 80. ತೂಗುವಾಗ ಸಮಸಮ ಹಾಕಿಬಿಟ್ಟರೆ ಹದ ಕೆಟ್ಟಿತು. ಕಲೆಸಿದ ಅಂಟನ್ನು ಮಗ್ಗಿನಲ್ಲಿ ಬಿಡದೆ ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿದೆ. ದಾವಣಗೆರೆಯ ಬೇಸಿಗೆಯಲ್ಲಿ ಮಗ್ಗಿನಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಕುದಿದು ಗಟ್ಟಿಯಾಗುತ್ತದೆ.

ಕತ್ತರಿಸಿದ ಪೈಪಿನ ಮೂತಿಗೂ ಅಂಟು ಬಳಿದೆ, ಇಲ್ಲದಿದ್ದರೆ ನಾರಿನ ತುದಿಗಳು ನೀರು ಎಳೆದುಕೊಳ್ಳುತ್ತವೆ. ಪೈಪಿಗೂ ತೋಳಿನ ಒಳಗೂ ಎರಡೂ ಕಡೆ ಅಂಟು ಬಳಿದು, ಎಲ್ಬೋ ತುಂಡನ್ನು ನಿಧಾನವಾಗಿ ತಿರುಗಿಸುತ್ತಾ ತೂರಿಸಿದೆವು. ಗಾಳಿ ಹೊರಗೆ ಹೋಗಲಿ ಅಂತ. ಅಂಚಿನಲ್ಲಿ ಸುತ್ತಲೂ ಅಂಟು ಉಕ್ಕಿ ಬಂತು. ಅದನ್ನು ಕೆರೆದು ತೆಗೆಯಬಾರದು. ಫಿಟ್ಟರ್ ಚೊಕ್ಕಟ ಮಾಡಲು ಪಟ್ಟಿ ಹಿಡಿದು ಬಂದರು, ತಡೆದೆ. ಉಕ್ಕಿದ ಅಂಟನ್ನು ಬೆರಳಲ್ಲಿ ಇಳಿಜಾರು ಮಾಡಿ ಬಿಟ್ಟರೆ ಅಂಚಿನ ಒತ್ತಡ ಎಷ್ಟೋ ಇಳಿಯುತ್ತದೆ. ಅಲ್ಲಿಂದ ಯಾರೂ ಪೈಪು ಮುಟ್ಟದಂತೆ ಹಗ್ಗ ಕಟ್ಟಿ, ಹೊರಗೆ ಮಂಡಕ್ಕಿ ಮಿರ್ಚಿ ತಿನ್ನಲು ಕೂತೆವು.

ಮರುದಿನ ಕಾಯಿಸುವ ಕೆಲಸ. ಜಾಯಿಂಟಿನ ಸುತ್ತ ತಗಡಿನ ಡಬ್ಬಿ, ಹೊರಗೆ ಗ್ಲಾಸ್ ವುಲ್, ಒಳಗೆ ಹ್ಯಾಲೊಜೆನ್ ದೀಪಗಳು. ಬಿಸಿ ಅಳೆಯುವ ಥರ್ಮೋಕಪಲ್ ಮೇಲೊಂದು, ಕೆಳಗೊಂದು. ಬಿಸಿಗಾಳಿ ಮೇಲೇರುವುದರಿಂದ ಕೆಳಬದಿ ತಣ್ಣಗೇ ಉಳಿಯುತ್ತದೆ, ನಮಗೆ ಮುಖ್ಯವಾದದ್ದು ಆ ಕೆಳಬದಿಯೇ. ದೀಪಗಳನ್ನು ಕೆಳಗೆ ಇಳಿಸಿ ಎರಡೂ ಸಮ ಬರುವ ಹಾಗೆ ಮಾಡಿ, ನಿಧಾನವಾಗಿ 80 ಡಿಗ್ರಿಗೆ ಏರಿಸಿ, ಅಂಟಿನ ಕಂಪನಿ ಹೇಳಿದಷ್ಟು ಹೊತ್ತು ಹಿಡಿದು, ಹಾಗೇ ತಣಿಯಲು ಬಿಟ್ಟೆ. ಆಮೇಲೆ ರೂಪಾಯಿ ನಾಣ್ಯದಿಂದ ಸುತ್ತಲೂ ತಟ್ಟಿದೆ. ಒಳಗೆ ಟೊಳ್ಳಿದ್ದರೆ ಸದ್ದು ಮಂಕಾಗುತ್ತದೆ. ಎಲ್ಲ ಕಡೆ ಒಂದೇ ಸದ್ದು ಬಂತು.

ಎಲ್ಬೋಗೆ ಆಸರೆ

ಇಷ್ಟಕ್ಕೇ ಬಿಟ್ಟರೆ ಹೊಸ ಜಾಯಿಂಟು ನಿಲ್ಲುತ್ತದೆ, ಪಕ್ಕದ ಇನ್ನೊಂದು ಹೋಗುತ್ತದೆ. ಬೆಲ್ಲೋಸಿಗೆ ಎಂ 12 ಟೈ ರಾಡ್‌ಗಳನ್ನು ಹಾಕಿಸಿದೆ. 200 ಕೆಜಿ ಈಗ ಆ ರಾಡುಗಳಲ್ಲೇ ಮುಗಿಯುತ್ತದೆ. ಎಲ್ಬೋ ಅಡಿಗೆ ಚಾನಲ್ ಕಬ್ಬಿಣದ ಸ್ಟ್ಯಾಂಡ್, ಮೇಲೆ ಅರ್ಧಚಂದ್ರದ ತೊಟ್ಟಿಲು, ನಡುವೆ ರಬ್ಬರ್ ಹಾಳೆ. ಕಬ್ಬಿಣ ನೇರವಾಗಿ ಫೈಬರಿಗೆ ತಾಗಿದರೆ ಅಲ್ಲೇ ಗಾಯ ಮಾಡುತ್ತದೆ.

ಉಳಿದ ಬ್ರಾಕೆಟ್‌ಗಳ ಬಿಗಿತ ಸಡಿಲ ಮಾಡಿಸಿದೆ. ಫೈಬರ್ ಪೈಪು ಬಿಸಿಗೆ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತದೆ. 30 ಮೀಟರ್ ನೇರ ಪೈಪು 40 ಡಿಗ್ರಿ ಬಿಸಿಯಾದರೆ ಸುಮಾರು 24 ಮಿ.ಮೀ. ಉದ್ದವಾಗುತ್ತದೆ. ಎಲ್ಲ ಕಡೆ ಬಿಗಿದಿಟ್ಟರೆ ಅದು ಜಾಯಿಂಟುಗಳನ್ನೇ ತಳ್ಳುತ್ತದೆ. ಈಗ ಎಲ್ಬೋ ಹತ್ತಿರ ಮಾತ್ರ ಪಕ್ಕಾ ಹಿಡಿತ, ಉಳಿದೆಡೆ ಪೈಪು ಉದ್ದಕ್ಕೆ ಜಾರಬಹುದು, ಪಕ್ಕಕ್ಕೆ ಹೋಗಲಾರದು. ಹಿಗ್ಗು ಟ್ಯಾಂಕಿನ ಕಡೆಗೆ ಹೋಗುತ್ತದೆ, ಅಲ್ಲಿ ಎರಡು ತಿರುವುಗಳಿವೆ, ತಡೆದುಕೊಳ್ಳುತ್ತವೆ. ಚೆಕ್ ವಾಲ್ವ್ ಬದಲಿಗೆ ಸ್ಪ್ರಿಂಗ್ ಇರುವುದನ್ನು ಹಾಕಿಸಲು ಹೇಳಿದೆ. ನೀರು ಹಿಂದಕ್ಕೆ ವೇಗ ಹಿಡಿಯುವ ಮೊದಲೇ ಅದು ಮುಚ್ಚುತ್ತದೆ.

ಟೆಸ್ಟಿಗೆ ಲೈನು ತುಂಬಿಸಿ, ಎತ್ತರದ ಕಡೆಯಿಂದ ಗಾಳಿ ಪೂರ್ತಿ ಬಿಟ್ಟು, ಕೈ ಪಂಪಿನಿಂದ 4 ಕೆಜಿಗೆ ಏರಿಸಿದೆವು. ಕೆಲಸದ ಒತ್ತಡದ ಒಂದೂವರೆ ಪಟ್ಟಿಗಿಂತ ತುಸು ಮೇಲೆ. ಗಾಳಿ ಹಾಕಿ ಟೆಸ್ಟ್ ಮಾಡುವವರೂ ಇದ್ದಾರೆ, ದಯವಿಟ್ಟು ಬೇಡ. ಒತ್ತಿದ ಗಾಳಿ ಜಾಯಿಂಟು ಬಿಟ್ಟಾಗ ಪೈಪನ್ನೇ ಎಸೆಯುತ್ತದೆ. ತಣ್ಣೀರಿನಲ್ಲಿ ಗೇಜು ಅಲ್ಲಾಡಲಿಲ್ಲ. ಆದರೆ ಜಾರಿಹೋದ ಆ ಸ್ಯಾಂಪಲ್ ನೋಡಿದ ಮೇಲೆ ತಣ್ಣೀರಿನ ಟೆಸ್ಟ್ ನನಗೆ ಸಾಲದು. ನೆನೆಸುವ ಟ್ಯಾಂಕಿನ ಬಿಸಿನೀರನ್ನೇ ಬಿಟ್ಟು, ಪೈಪು ಹೊರಗೂ ಬಿಸಿಯಾಗುವ ತನಕ ಓಡಿಸಿ, ವಾಲ್ವ್ ಮುಚ್ಚಿ ಹಿಡಿದೆವು. ತೋಳಿನ ಅಂಚಿನಲ್ಲಿ ಪೈಪಿಗೂ ತೋಳಿಗೂ ಸೇರಿಸಿ ಮಾರ್ಕರಿನಲ್ಲಿ ಅಡ್ಡಗೆರೆ ಎಳೆದಿದ್ದೆ. ಜಾರಿದರೆ ಗೆರೆ ಮುರಿಯುತ್ತದೆ. ಮುರಿಯಲಿಲ್ಲ. ಎಲ್ಬೋ ಪಕ್ಕದ ಸ್ಕೇಲಿನಲ್ಲಿ ಕಣ್ಣಿಗೆ ಕಾಣುವಂಥ ಏರಿಳಿತವೂ ಇರಲಿಲ್ಲ.

ಅಂಥ ಗೆರೆಗಳನ್ನು ಲೈನಿನ ಉಳಿದ ಜಾಯಿಂಟುಗಳ ಮೇಲೂ ಎಳೆದುಬಂದಿದ್ದೇನೆ. ವಾರಕ್ಕೊಮ್ಮೆ ಬಿಸಿನೀರು ಓಡುವಾಗ ನೋಡಿ, ಸಾಕೆಟ್ ಬಾಯಲ್ಲಿ ಕೆಳಗಡೆ ಕಂದು ಬಣ್ಣ ಕಂಡರೆ ತೊಟ್ಟಿಕ್ಕುವ ತನಕ ಕಾಯದೆ ಫೋನ್ ಮಾಡಿ ಅಂತ ಫಿಟ್ಟರಿಗೆ ಹೇಳಿದ್ದೇನೆ. ಸಾವ್ಕಾರ್ರು ಸೀಸನ್ ಮುಗಿದ ಮೇಲೆ ಟ್ಯಾಂಕ್ ಕಡೆಯ ಎರಡು ಜಾಯಿಂಟುಗಳನ್ನೂ ಬಿಚ್ಚಿ ನೋಡಲು ಒಪ್ಪಿದ್ದಾರೆ. ಅವು ಗೋಡೆಗೆ ತಾಗಿದಂತಿವೆ, ಅಲ್ಲೂ ಕೆಳಗೆ ಕೈ ಹೋಗಿರುವುದು ಅನುಮಾನ.